ಸುಳ್ಯ ಅಂದ್ರೆ ಮಂಗಳೂರಾ, ಕೊಡಗಾ?

ಆಫೀಸಿನಲ್ಲಿ ಯಾರಾದರೂ "ನಿಮ್ಮ ಊರು ಯಾವುದು?" ಅಂತ ಕೇಳಿದರೆ "ಸುಳ್ಯ" ಅನ್ನುತ್ತೇನೆ. ಹೆಸರೇ ಕೇಳಿಲ್ಲ ಅಂತ ಅವರ ಮುಖ ನೋಡಿದಾಗಲೇ ಗೊತ್ತಾಗುತ್ತದೆ. ಕೊನೆಗೆ "ಮಂಗಳೂರಿನ ಹತ್ರ" ಅಂದು ಮುಗಿಸುತ್ತೇನೆ. ಹತ್ರ ಅಂದರೆ ಎಂಬತ್ತು ಚಿಲ್ಲರೆ ಕಿಲೋಮೀಟರ್! ನಿಜ ಹೇಳಬೇಕೆಂದರೆ ನಮಗೆ ಮಡಿಕೇರಿಯೇ ಹತ್ತಿರ. ಈ ಗೊಂದಲಕ್ಕೂ ಒಂದು ಚರಿತ್ರೆ ಇದೆ.

ಮೊದಲು ಭೂಗೋಳ. ಪುತ್ತೂರು, ಸುಳ್ಯ, ಕಡಬ ಈ ಮೂರೂ ಪಶ್ಚಿಮ ಘಟ್ಟದ ಬುಡದ ತಾಲೂಕುಗಳು. ಕಡಬ ಇವುಗಳಲ್ಲಿ ಕಿರಿಯದು, ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಸೇರಿಸಿ ಮಾಡಿದ್ದು. ಕುಮಾರಪರ್ವತದ ಕಡೆಯಿಂದ ಇಳಿಯುವ ಕುಮಾರಧಾರೆ ಸುಬ್ರಹ್ಮಣ್ಯವನ್ನು ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿಗೆ ಹೋಗುತ್ತದೆ. ಸುಳ್ಯದ ಪಯಸ್ವಿನಿ ಮಾತ್ರ ಮಂಗಳೂರಿನ ಕಡೆ ತಲೆಯೂ ಹಾಕದೆ ಕಾಸರಗೋಡಿಗೆ ಹೋಗಿ ಚಂದ್ರಗಿರಿಯಾಗುತ್ತದೆ.

ಇನ್ನು ಚರಿತ್ರೆ. ಅಮರ ಸುಳ್ಯ, ಪುತ್ತೂರು ಮಾಗಣೆಗಳು ಕೊಡಗಿನ ಅರಸರ ಕೈಯಲ್ಲಿದ್ದವು. 1834ರಲ್ಲಿ ಕಂಪನಿ ಸರಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿತು. ನಮ್ಮ ಮಾಗಣೆಗಳನ್ನು ಕಡಿದು ಕೆನರಾ ಜಿಲ್ಲೆಗೆ ಅಂಟಿಸಿತು. ಅದಕ್ಕಿಂತ ದೊಡ್ಡ ಪೆಟ್ಟು ಕಂದಾಯದ್ದು. ಅರಸರ ಕಾಲದಲ್ಲಿ ಬೆಳೆದದ್ದನ್ನೇ ಅಳೆದು ಕೊಟ್ಟರೆ ನಡೆಯುತ್ತಿತ್ತು, ಕಂಪನಿಗೆ ನಗದೇ ಬೇಕು. ಕಾಡಿನ ಮೂಲೆಯ ರೈತ ನಾಣ್ಯಕ್ಕೆ ಎಲ್ಲಿಗೆ ಹೋಗಬೇಕು?

1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಜನ ಎದ್ದರು. ಬೆಳ್ಳಾರೆಯ ಖಜಾನೆ ವಶವಾಯಿತು. ಕಲ್ಯಾಣಸ್ವಾಮಿ ಎಂಬ ಹೆಸರು ಹೊತ್ತ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಏರಿಸಿದರು. ಹದಿಮೂರು ದಿನ ಆಳಿದರು! 1857ಕ್ಕಿಂತ ಇಪ್ಪತ್ತು ವರ್ಷ ಮೊದಲು. ಆಮೇಲೆ ಹೊರಗಿನಿಂದ ಸೈನ್ಯ ಬಂತು. ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಜನರ ಬಾಯಲ್ಲಿ ಇದು ಬಹುಕಾಲ "ಕಲ್ಯಾಣಪ್ಪನ ಕಾಟಕಾಯಿ" ಅನ್ನಿಸಿಕೊಂಡೇ ಉಳಿಯಿತು. ಶಾಲೆಯಲ್ಲಿ ಝಾನ್ಸಿ ರಾಣಿಯ ಬಗ್ಗೆ ಓದಿದ ನನಗೆ ಬೆಳ್ಳಾರೆ ಅಂದರೆ ಬಸ್ಸು ನಿಲ್ಲುವ ಪೇಟೆ, ಅಷ್ಟೇ. ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ.

ಕೊನೆಗೆ ಆರ್ಥಿಕತೆ. ಅಂದು ನಗದು ಬೇಡ ಎಂದು ಎದ್ದ ಊರು ಇಂದು ಪೂರ್ತಿ ನಗದು ಬೆಳೆಯ ಊರು. ಗದ್ದೆಗಳೆಲ್ಲ ಅಡಿಕೆ ತೋಟಗಳಾದವು. 1970ರ ಸುಮಾರಿಗೆ ಅಡಿಕೆ ಧಾರಣೆ ಬಿದ್ದಾಗ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಕ್ಯಾಂಪ್ಕೋ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರ ಸಹಕಾರಿ ಸಂಸ್ಥೆ. ಅಡಿಕೆಯ ನಡುವೆ ಬೆಳೆದ ಕೊಕ್ಕೋ ಕೇಳುವವರಿಲ್ಲದಾದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಸುಳ್ಯದ ಗುಡ್ಡಗಳಲ್ಲಿ ರಬ್ಬರು. ಅದನ್ನು ಕಡಿಯುವವರಲ್ಲಿ ಅನೇಕರು 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬದವರು.

ಆದರೆ ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಅಡಿಕೆಗೆ ಹಳದಿ ಎಲೆ ರೋಗ. ಮದ್ದಿಲ್ಲ. ಹಸಿರು ಸೋಗೆ ಹಳದಿಯಾಗುತ್ತದೆ, ಫಸಲು ಇಳಿಯುತ್ತದೆ, ಮರ ನಿಂತೇ ಇರುತ್ತದೆ. ಕಳೆದ ಭಾನುವಾರ ಅಪ್ಪ ಫೋನಿನಲ್ಲಿ, "ಕೆಳಗಿನ ತೋಟದಲ್ಲೂ ನಾಲ್ಕು ಮರಕ್ಕೆ ಶುರುವಾಗಿದೆ" ಅಂದರು. ಬೇರೆ ಏನು ನೆಡುವುದು ಅಂತ ಕೇಳಿದೆ. "ನೀನು ಬಂದ ಮೇಲೆ ನೋಡುವ" ಅಂದರು. ನಾನು ಬರುತ್ತೇನೆ ಅಂತ ಅವರೂ ನಂಬಿಲ್ಲ, ನಾನೂ ಹೇಳಲಿಲ್ಲ.

ಘಟ್ಟದ ಬುಡದವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ, ಅಡಿಕೆ ಹೋದ ಜಾಗದಲ್ಲಿ ನೀವು ಏನು ಹಾಕಿದಿರಿ? ಅಪ್ಪನಿಗೆ ಹೇಳಬೇಕು.