‘ನೇರ’ವಾಗಿಬಿಟ್ಟ ಇಕ್ಕಟ್ಟಿನ ದಾರಿ

ಸನ್ನಡತೆಯಿಂದ ಜಾರಿದವನನ್ನು ಕುರಿತು, ಆತ ‘ಸ್ಟ್ರೇಟ್ ಅಂಡ್ ನ್ಯಾರೋ’ ಹಾದಿಯನ್ನು ಬಿಟ್ಟನೆಂದು ಹೇಳುವುದು ಇಂಗ್ಲಿಷಿನಲ್ಲಿ ರೂಢಿ. ‘ನೇರವೂ ಕಿರಿದೂ ಆದ ದಾರಿ’ ಎಂಬುದು ಇದರ ಇಂದಿನ ಅರ್ಥ. ಆದರೆ ಈ ನುಡಿಗಟ್ಟಿನ ಮೂಲದಲ್ಲಿ ‘ನೇರ’ ಎಂಬ ಅರ್ಥವೇ ಇರಲಿಲ್ಲ.

ಇದರ ಬೇರು ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿದೆ. ಅಲ್ಲಿ ಯೇಸು ಎರಡು ದಾರಿಗಳನ್ನು ಹೇಳುತ್ತಾನೆ. ನಾಶಕ್ಕೆ ಒಯ್ಯುವ ದಾರಿ ಅಗಲವಾದುದು. ಅದರಲ್ಲಿ ನಡೆಯುವವರು ಬಹಳ. ಜೀವಕ್ಕೆ ಒಯ್ಯುವ ಬಾಗಿಲು ಇಕ್ಕಟ್ಟು. ಅದನ್ನು ಕಾಣುವವರು ಕೆಲವರೇ. ಈ ಬಾಗಿಲಿಗೆ ಗ್ರೀಕ್ ಮೂಲದಲ್ಲಿರುವ ವಿಶೇಷಣ ‘ಸ್ಟೆನೋಸ್’, ಅಂದರೆ ಇಕ್ಕಟ್ಟಾದುದು. 1611ರ ಇಂಗ್ಲಿಷ್ ಬೈಬಲ್ ಬಾಗಿಲನ್ನು ‘ಸ್ಟ್ರೇಟ್’ ಎಂದೂ ದಾರಿಯನ್ನು ‘ನ್ಯಾರೋ’ ಎಂದೂ ಅನುವಾದಿಸಿತು.

ಇಂಗ್ಲಿಷಿನಲ್ಲಿ ‘ಸ್ಟ್ರೇಟ್’ ಎಂಬ ಒಂದೇ ಉಚ್ಚಾರಣೆಯ ಎರಡು ಪದಗಳಿವೆ. ಬಿಗಿದು ಕಟ್ಟಿದುದು ಎಂಬರ್ಥದ ಲ್ಯಾಟಿನ್ ಪದದಿಂದ ಫ್ರೆಂಚಿನ ಮೂಲಕ ಬಂದದ್ದು ಒಂದು. ಇಕ್ಕಟ್ಟು ಎಂಬುದು ಅದರ ಅರ್ಥ. ಭೂಗೋಳದಲ್ಲಿ ಜಲಸಂಧಿಗೆ ಇರುವ ಹೆಸರೂ ಅದೇ. ಇನ್ನೊಂದು, ಚಾಚು ಎಂಬರ್ಥದ ಹಳೆಯ ಇಂಗ್ಲಿಷ್ ಧಾತುವಿನಿಂದ ಹುಟ್ಟಿದ್ದು. ಎಳೆದು ಹಿಡಿದ ಹಗ್ಗದಂತೆ ನೇರವಾದುದು. ಕಾಗುಣಿತದಲ್ಲಿ ಇವೆರಡೂ ಬೇರೆ; ಉಚ್ಚಾರಣೆಯನ್ನೇ ಹಿಡಿಯುವ ನಮ್ಮ ಲಿಪಿಯಲ್ಲಿ ಆ ಭೇದವೂ ಉಳಿಯದು. ಮೊದಲನೆಯ ಪದ ದಿನಬಳಕೆಯಿಂದ ಮರೆಯಾದಂತೆ ಎರಡನೆಯದು ಅದರ ಸ್ಥಾನವನ್ನು ಆಕ್ರಮಿಸಿತು.

ಈ ಪಲ್ಲಟಕ್ಕೆ ನೆಲ ಹದವಾಗಿಯೇ ಇತ್ತು. ದೇವರಿಗಾಗಿ ಹಾದಿಯನ್ನು ನೆಟ್ಟಗೆ ಮಾಡುವ ರೂಪಕ ಯೆಶಾಯನ ಪ್ರವಾದನೆಯಲ್ಲಿದೆ. ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ನಲ್ಲಿ ಯಾತ್ರಿಕನ ಸರಿದಾರಿ ನೇರವೂ ಹೌದು, ಕಿರಿದೂ ಹೌದು, ತಪ್ಪುದಾರಿಗಳು ಡೊಂಕು ಮತ್ತು ಅಗಲ.

ಇಲ್ಲಿ ಬದಲಾದುದು ಕೇವಲ ಕಾಗುಣಿತವಲ್ಲ, ನೀತಿಯ ಕಲ್ಪನೆ. ಇಕ್ಕಟ್ಟಿನ ಬಾಗಿಲು ಪ್ರಯಾಸವನ್ನು ಸೂಚಿಸುತ್ತದೆ. ಅದರ ಮುಂದೆ ನಿಂತವನು ಮೈಯನ್ನು ಕುಗ್ಗಿಸಬೇಕು, ಹೊರೆಯನ್ನು ಇಳಿಸಬೇಕು. ನೇರದಾರಿ ಕೇಳುವುದು ಅತ್ತಿತ್ತ ತಿರುಗದ ನಡಿಗೆಯನ್ನು ಮಾತ್ರ. ಮೊದಲನೆಯದು ತ್ಯಾಗದ ರೂಪಕ, ಎರಡನೆಯದು ಶಿಸ್ತಿನ ರೂಪಕ.

ಅನುವಾದಕರು ಈ ಭೇದವನ್ನು ಗಮನಿಸಬೇಕು. ಇಂದಿನ ಕಾದಂಬರಿಯಲ್ಲಿ ಈ ನುಡಿಗಟ್ಟು ಬಂದರೆ ‘ದಾರಿ ತಪ್ಪಿದ’, ‘ಅಡ್ಡದಾರಿ ಹಿಡಿದ’ ಎಂಬ ನಮ್ಮ ಮಾತುಗಳು ಸಾಕು. ಆದರೆ 1611ರ ಬೈಬಲಿನ ಆ ಬಾಗಿಲನ್ನು ‘ನೇರ’ವೆಂದು ಅನುವಾದಿಸಿದರೆ ಮೂಲದ ಅರ್ಥವೇ ಕೈತಪ್ಪುತ್ತದೆ. ಕನ್ನಡ ಬೈಬಲಿನಲ್ಲಿ ಅದು ‘ಇಕ್ಕಟ್ಟಾದ’ ಬಾಗಿಲಾಗಿಯೇ ಉಳಿದಿದೆ. ಇಂಗ್ಲಿಷಿನ ಕಿವಿ ಕಳೆದುಕೊಂಡ ಅರ್ಥವನ್ನು ಕನ್ನಡದ ಒಂದು ಪದ ಇಂದಿಗೂ ಕಾಪಾಡಿಕೊಂಡಿದೆ.