ಎಣ್ಣೆ, ಮೈ, ತಿರುವು: ಬೌಲಿಂಗ್ ಚೆಂಡಿನ ನಡೆಯ ವಿಶ್ಲೇಷಣೆ

1973ರಲ್ಲಿ ಅಮೆರಿಕದ ವೃತ್ತಿಪರ ಬೌಲರ್ ಡಾನ್ ಮೆಕ್‌ಕ್ಯೂನ್ ಒಂದೇ ವರ್ಷದಲ್ಲಿ ಆರು ಪ್ರಶಸ್ತಿಗಳನ್ನು ಗೆದ್ದರು. ಪ್ಲಾಸ್ಟಿಕ್ ಚೆಂಡನ್ನು ದ್ರಾವಕದಲ್ಲಿ ನೆನೆಸಿ ಅದರ ಮೈಯನ್ನು ಮೆದುವಾಗಿಸಿದ್ದರು. ಮೆದುವಾದ ಮೈ ಹಾದಿಯನ್ನು ಗಟ್ಟಿಯಾಗಿ ಹಿಡಿಯಿತು. ಇದಾದ ಬಳಿಕ ಚೆಂಡಿನ ಗಡಸುತನಕ್ಕೆ ಕನಿಷ್ಠ ಮಿತಿ ವಿಧಿಸಲಾಯಿತು. ಚೆಂಡಿನ ನಡೆಯನ್ನು ನಿರ್ಧರಿಸುವ ಅಂಶಗಳಲ್ಲಿ ಹೊರಮೈಗೇ ಮೊದಲ ಸ್ಥಾನ ಎಂಬುದು ಈ ಲೇಖನದ ವಾದ.

ಹಾದಿಯಲ್ಲಿ, ಎಸೆಯುವವರು ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್‌ವರೆಗೆ 60 ಅಡಿ. ಅಗಲಕ್ಕೆ 39 ಪಟ್ಟಿಗಳು. ಸಾಮಾನ್ಯವಾಗಿ ಸುಮಾರು 40 ಅಡಿಯವರೆಗೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಎಣ್ಣೆ ಸವರಿರುತ್ತಾರೆ. ಎಣ್ಣೆಯ ಮೇಲೆ ಘರ್ಷಣಾಂಕ ಸುಮಾರು 0.04, ಒಣ ಭಾಗದಲ್ಲಿ 0.2. ಅಂದರೆ ಕೊನೆಯ 20 ಅಡಿಯಲ್ಲಿ ಹಿಡಿತ ಐದು ಪಟ್ಟಾಗುತ್ತದೆ.

ಹೀಗಾಗಿ ಚೆಂಡು ಮೊದಲು ಜಾರುತ್ತದೆ, ಆಮೇಲೆ ತಿರುಗುತ್ತದೆ, ಕೊನೆಗೆ ಉರುಳುತ್ತದೆ. ವೇಗ ಹೆಚ್ಚಿದರೆ ಜಾರುವ ದೂರ ಹೆಚ್ಚು. ಬೆರಳುಗಳು ಕೊಟ್ಟ ಪಕ್ಕದ ಸುತ್ತು ಹೆಚ್ಚಿದರೆ ತಿರುವು ಹೆಚ್ಚು.

ಆದರೆ ಒಬ್ಬರೇ ಆಟಗಾರರು ಒಂದೇ ರೀತಿ ಎಸೆದರೂ ಪಾಲಿಯೆಸ್ಟರ್ ಚೆಂಡು ಬಹುತೇಕ ನೇರವಾಗಿ ಸಾಗುತ್ತದೆ, 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್ ಚೆಂಡು ಒಣ ಭಾಗ ತಲುಪುತ್ತಲೇ ಒಳಕ್ಕೆ ಬಾಗುತ್ತದೆ. ಒಂದೇ ರೆಸಿನ್ ಚೆಂಡನ್ನು 500 ಗ್ರಿಟ್‌ನ ಒರಟು ಉಜ್ಜುಹಾಳೆಯಲ್ಲಿ ಉಜ್ಜಿದರೆ ಬೇಗ ಹಿಡಿಯುತ್ತದೆ. 4000ದಲ್ಲಿ ನುಣುಪಾಗಿಸಿದರೆ ತಡವಾಗಿ ತಿರುಗುತ್ತದೆ. ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆ ಯುಎಸ್‌ಬಿಸಿ ನಡೆಸಿದ ಚಲನಾ ಅಧ್ಯಯನದಲ್ಲೂ ಮೈಯ ಸೂಕ್ಷ್ಮ ಒರಟುತನವೇ ಅತಿ ಪ್ರಭಾವಿ ಅಂಶವಾಗಿ ಕಂಡಿತು.

ಒಳಗಿನ ತಿರುಳಿನ ಪಾತ್ರ ಅನಂತರದ್ದು, ಆದರೆ ಅದು ನಗಣ್ಯವಲ್ಲ. ಮರಳಿ ಬಂದ ಚೆಂಡನ್ನು ಬೆಳಕಿಗೆ ಹಿಡಿದರೆ ಎಣ್ಣೆಯ ಉಂಗುರಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿರುವುದು ಕಾಣುತ್ತದೆ. ಅಸಮತೂಕದ ತಿರುಳು ಸುತ್ತುವ ಅಕ್ಷವನ್ನು ಸರಿಸುತ್ತಾ ಹೋಗುವುದರಿಂದ ಪ್ರತಿ ಸುತ್ತಿನಲ್ಲೂ ಎಣ್ಣೆ ತಾಗದ ಹೊಸ ಮೈ ನೆಲ ಮುಟ್ಟುತ್ತದೆ. ತಿರುಳು ಕೂಡ ಕೊನೆಗೆ ಮೈಯ ಮೂಲಕವೇ ಕೆಲಸ ಮಾಡುತ್ತದೆ.

ಹಾದಿಯೂ ಸ್ಥಿರವಲ್ಲ. ಆಟ ಸಾಗಿದಂತೆ ಚೆಂಡುಗಳು ಎಣ್ಣೆಯನ್ನು ಹೀರಿಕೊಂಡು ಒಯ್ಯುತ್ತವೆ. ಮೊದಲ ಆಟದಲ್ಲಿ ಪಾಕೆಟ್ (ಮೊದಲ ಪಿನ್ ಮತ್ತು ಅದರ ಪಕ್ಕದ ಪಿನ್ ನಡುವಿನ ಗುರಿ) ಸೇರಿದ ಎಸೆತ ಮೂರನೆಯದರಲ್ಲಿ ಅತಿಯಾಗಿ ತಿರುಗುತ್ತದೆ. ಅನುಭವಿಗಳು ಆಗ ನಿಲ್ಲುವ ಜಾಗ ಬದಲಿಸುತ್ತಾರೆ, ಇಲ್ಲವೇ ಬೇರೆ ಮೈಯ ಚೆಂಡು ಎತ್ತಿಕೊಳ್ಳುತ್ತಾರೆ.

ನಡೆ ಬದಲಾಗಬೇಕೆನ್ನುವವರು ಹೊಸ ಚೆಂಡು ಕೊಳ್ಳುವ ಮೊದಲು ಇರುವ ಚೆಂಡಿನ ಮೈಯನ್ನು ಪರೀಕ್ಷಿಸಲಿ. ಆ ಕೆಲಸ ಆಟಕ್ಕೆ ಮುನ್ನವೇ ಮುಗಿಯಬೇಕು: ಸ್ಪರ್ಧೆ ಶುರುವಾದ ಮೇಲೆ ಚೆಂಡನ್ನು ಉಜ್ಜಿ ಮೈ ಬದಲಿಸುವುದನ್ನು ಯುಎಸ್‌ಬಿಸಿ ನಿಯಮ ನಿಷೇಧಿಸುತ್ತದೆ, ಒಣಬಟ್ಟೆಯಿಂದ ಎಣ್ಣೆ ಒರೆಸಲು ಅಡ್ಡಿಯಿಲ್ಲ.