ಟವರ್ ಇಲ್ಲದ ಏರ್‌ಪೋರ್ಟಲ್ಲಿ ಸರದಿ ಯಾರದು?

ಅಮೆರಿಕದ ಬಹುಪಾಲು ಸಣ್ಣ ಏರ್‌ಪೋರ್ಟ್‌ಗಳಲ್ಲಿ ಕಂಟ್ರೋಲ್ ಟವರ್ ಇರಲ್ಲ. ಅಲ್ಲಿ ಸರದಿ ನಿರ್ಧಾರವಾಗುವುದು 'ಟ್ರಾಫಿಕ್ ಪ್ಯಾಟರ್ನ್' ಎಂಬ ಆಯತಾಕಾರದ ಸುತ್ತಿನಲ್ಲಿ. ನೆಲದಿಂದ ಸಾಮಾನ್ಯವಾಗಿ 1,000 ಅಡಿ ಎತ್ತರ; ಬೇರೆ ಸೂಚನೆ ಇಲ್ಲದಿದ್ದರೆ ಎಲ್ಲ ತಿರುವೂ ಎಡಕ್ಕೆ. ರನ್‌ವೇ ಪಕ್ಕದಲ್ಲೇ ಎದುರು ದಿಕ್ಕಿಗೆ ಹಾರುವುದು ಡೌನ್‌ವಿಂಡ್, ಅಡ್ಡ ತಿರುಗಿದರೆ ಬೇಸ್, ರನ್‌ವೇ ನೇರಕ್ಕೆ ಬಂದರೆ ಫೈನಲ್. ತಾನೆಲ್ಲಿದ್ದೀನಿ ಅಂತ ಪೈಲಟ್ ರೇಡಿಯೋದಲ್ಲಿ ಹೇಳ್ತಾ ಹೋಗಬೇಕು.

ಸುತ್ತು ಬಿಟ್ಟು ದೂರದಿಂದಲೇ ನೇರವಾಗಿ ಇಳಿಯೋಕೂ ನಿಷೇಧವಿಲ್ಲ. ತೊಡಕಿರುವುದೇ ಇಲ್ಲಿ. 2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ, ಪ್ಯಾಟರ್ನ್‌ನಲ್ಲಿದ್ದ ಪುಟ್ಟ ಸೆಸ್ನಾ 152ರ ಹಿಂದೆ ಅವಳಿ ಎಂಜಿನ್‌ನ ಸೆಸ್ನಾ 340 ನೇರವಾಗಿ, ಅತಿ ವೇಗದಲ್ಲಿ ಬಂತು. ಇಬ್ಬರು ಪೈಲಟ್‌ಗಳೂ ರೇಡಿಯೋದಲ್ಲಿ ಮಾತಾಡಿದ್ದರು. ಚಿಕ್ಕ ವಿಮಾನದವರು ಇಳಿಯುವುದನ್ನು ಕೈಬಿಟ್ಟು ಮೇಲೇರ್ತೀನಿ ಅಂತಲೂ ಹೇಳಿದ್ದರು. ಡಿಕ್ಕಿಯಲ್ಲಿ ಮೂವರು ಸತ್ತರು.

ಇಳಿಯಲು ಬರುವಾಗ ಕೆಳಗಿರುವ ವಿಮಾನಕ್ಕೆ ಆದ್ಯತೆ ಅನ್ನೋದು ನಿಯಮ. ಅದನ್ನೇ ನೆಪ ಮಾಡ್ಕೊಂಡು ಇನ್ನೊಬ್ಬರ ಮುಂದೆ ನುಗ್ಗುವಂತಿಲ್ಲ ಅಂತಲೂ ಅದೇ ನಿಯಮದಲ್ಲಿದೆ.